ವಿಕ್ರಿ ಪಟ್ಟಿಯನ್ನೂ ಮಕ್ಕಳ ಜೊತೆ ಓದೋಣ

(ಶಿರಸಿಯಲ್ಲಿ ಪಾಲಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗೆ ದುಡ್ಡಿನ ಬಗ್ಗೆ ಕಲಿಸುವ ಪುಸ್ತಕ ಯಾವುದಾದರೂ ಕೈಗೆ ಸಿಕ್ಕರೆ ತೆರೆದು ನೋಡಿ. ಅದರಲ್ಲಿ ಬರುವ ಅಪ್ಪನಿಗೆ ಸಾಮಾನ್ಯವಾಗಿ ತಿಂಗಳ ಒಂದನೇ ತಾರೀಕು ಸಂಬಳ ಬರುತ್ತದೆ. ಮಗುವಿಗೆ ತಿಂಗಳಿಗೆ ಇಷ್ಟು ಅಂತ ಪಾಕೆಟ್ ಮನಿ ಸಿಗುತ್ತದೆ. ಮಗು ಅದರಲ್ಲಿ ಒಂದು ಪಾಲನ್ನು ಡಬ್ಬಿಗೆ ಹಾಕಿಡುತ್ತದೆ. ಒಳ್ಳೆಯ ಪಾಠವೇ. ಆದರೆ ಇಲ್ಲಿ ಕೂತಿರುವ ನಮ್ಮಲ್ಲಿ ಎಷ್ಟು ಮನೆಗೆ ದುಡ್ಡು ಹಾಗೆ ಬರುತ್ತದೆ?

ಘಟ್ಟದ ಮೇಲಿನ ತೋಟದ ಮನೆಗೆ ವರ್ಷದ ದುಡ್ಡು ಬರುವುದು ಅಡಿಕೆಯ ಕೊನೆ (ಗೊನೆ) ಕೊಯ್ದು, ಸುಲಿದು, ಒಣಗಿಸಿ, ಅಡಿಕೆ ವಖಾರಿಗೆ (ಮಂಡಿಗೆ) ಹೋಗಿ ಟೆಂಡರ್ ಆದ ಮೇಲೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಘಟ್ಟದ ಕೆಳಗೆ ಕಾರವಾರ, ತದಡಿ, ಹೊನ್ನಾವರ, ಭಟ್ಕಳದ ಕಡೆ ಬೋಟಿಗೆ ಹೋಗುವವರಿಗೆ ಮೀನು ಸಿಕ್ಕ ದಿನ ಪಾಲು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತೆಯೇ ಇಲ್ಲ. ಎರಡು ತಿಂಗಳು ಬಂದರಿನಲ್ಲಿ ಬೋಟು ಕಟ್ಟಿಯೇ ಇರುತ್ತದೆ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರ ಕೈಗೆ ದಿನಾ ಚಿಲ್ಲರೆ ಬರುತ್ತದೆ. ಆದರೆ ನಾಳೆ ಎಷ್ಟು ಬರುತ್ತದೆ ಅಂತ ಇವತ್ತು ಹೇಳುವುದಕ್ಕೆ ಆಗುವುದಿಲ್ಲ.

ಹಾಗಾಗಿ ನಮ್ಮ ಮಕ್ಕಳು ಮೊದಲು ಕಲಿಯಬೇಕಾದ್ದು ಒಮ್ಮೆಗೆ ಬಂದ ದುಡ್ಡನ್ನು ಇಲ್ಲದ ತಿಂಗಳುಗಳಿಗೆ ಹಂಚುವುದನ್ನು. ಇದನ್ನು ಕಲಿಸುವುದಕ್ಕೆ ಬೇಕಾದ ಓದು ನಮ್ಮ ಹತ್ತಿರವೇ ಇದೆ. ಒಂದು, ಹಳೆಯ ಕಥೆಗಳು. ಇನ್ನೊಂದು, ದಿನಾ ಮನೆಗೆ ಬಂದು ಬೀಳುವ ಕಾಗದಗಳು, ವಿಕ್ರಿ ಪಟ್ಟಿ ಅಂದರೆ ಅಡಿಕೆ ಮಾರಿದ ಲೆಕ್ಕದ ಚೀಟಿಯಂಥವು. ಎರಡನ್ನೂ ಮಕ್ಕಳ ಜೊತೆ ಕೂತು ಓದಿ. ಇವತ್ತು ನನಗೆ ಹೇಳಬೇಕಾಗಿರುವುದು ಇಷ್ಟೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕಥೆ. ನಾನು ಮಕ್ಕಳ ಜೊತೆ ಓದುವಾಗ ಯಾವಾಗಲೂ ಶುರು ಮಾಡುವುದು ಕಥಾಸರಿತ್ಸಾಗರದ ಒಂದು ಸಣ್ಣ ಕಥೆಯಿಂದ. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಸಂಸ್ಕೃತದಲ್ಲಿ ಬರೆದ ದೊಡ್ಡ ಕಥೆಗಳ ರಾಶಿ ಅದು. ಇದೇ ಕಥೆ ಸ್ವಲ್ಪ ಬೇರೆ ರೂಪದಲ್ಲಿ ಜಾತಕ ಕಥೆಗಳಲ್ಲೂ ಇದೆ.

ಒಬ್ಬ ಹುಡುಗ. ಹುಟ್ಟುವ ಮೊದಲೇ ಅಪ್ಪ ತೀರಿಹೋಗಿದ್ದಾನೆ. ಆಸ್ತಿಯನ್ನೆಲ್ಲ ದಾಯಾದಿಗಳು ಕಿತ್ತುಕೊಂಡಿದ್ದಾರೆ. ತಾಯಿ ಕೂಲಿ ಮಾಡಿ ಮಗನನ್ನು ಸಾಕುತ್ತಾಳೆ. ಒಬ್ಬ ಉಪಾಧ್ಯಾಯರನ್ನು ಬೇಡಿಕೊಂಡು ಮಗನಿಗೆ ಓದು ಬರಹ, ಸ್ವಲ್ಪ ಲೆಕ್ಕ ಕಲಿಸುತ್ತಾಳೆ. ಈ ಸಾಲನ್ನು ಓದುವಾಗ ನಾನು ನಿಲ್ಲಿಸುತ್ತೇನೆ. ಆ ಹುಡುಗನ ಹತ್ತಿರ ಆಗ ಏನೇನಿತ್ತು ಅಂತ ಮಕ್ಕಳನ್ನು ಕೇಳುತ್ತೇನೆ. ಏನೂ ಇರಲಿಲ್ಲ ಅಂತ ಕೆಲವರು ಹೇಳುತ್ತಾರೆ. ಓದು ಬರಹ ಇತ್ತಲ್ಲ ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಆಮೇಲೆ ತಾಯಿ ಹೇಳುತ್ತಾಳೆ: ನೀನು ವರ್ತಕರ ಮಗ, ವ್ಯಾಪಾರ ಮಾಡು. ಈ ಊರಿನಲ್ಲಿ ವಿಶಾಖಿಲ ಅಂತ ಒಬ್ಬ ಸಾಹುಕಾರ ಇದ್ದಾನೆ. ಬಡವರಿಗೆ ಬಂಡವಾಳ ಕೊಡುತ್ತಾನೆ, ಹೋಗಿ ಕೇಳು. ಹುಡುಗ ಹೋದಾಗ ಸಾಹುಕಾರ ಇನ್ನೊಬ್ಬ ಯುವಕನಿಗೆ ಬೈಯುತ್ತಿರುತ್ತಾನೆ. ‘ನೋಡು, ನೆಲದ ಮೇಲೆ ಸತ್ತ ಇಲಿ ಬಿದ್ದಿದೆ. ಜಾಣನಾದವನು ಅದನ್ನೇ ಬಂಡವಾಳ ಮಾಡಿಕೊಂಡು ದುಡಿಯುತ್ತಾನೆ. ನಿನಗೆ ಅಷ್ಟು ದುಡ್ಡು ಕೊಟ್ಟೆ, ನೀನು ಇದ್ದದ್ದನ್ನೂ ಉಳಿಸಿಕೊಳ್ಳಲಿಲ್ಲ’ ಅಂತ. ನಮ್ಮ ಹುಡುಗ ಮುಂದೆ ಬಂದು, ಹಾಗಾದರೆ ಆ ಇಲಿಯನ್ನು ನನಗೆ ಬಂಡವಾಳ ಅಂತ ಕೊಡಿ ಅನ್ನುತ್ತಾನೆ. ಸಾಹುಕಾರ ನಗುತ್ತಾನೆ. ಹುಡುಗ ನಗುವುದಿಲ್ಲ. ಸಾಲಕ್ಕೆ ಚೀಟಿ ಬರೆದುಕೊಟ್ಟು ಇಲಿಯನ್ನು ತೆಗೆದುಕೊಂಡು ಹೋಗುತ್ತಾನೆ.

ಇಲಿಯನ್ನು ಬೆಕ್ಕು ಸಾಕಿದ ಒಬ್ಬ ವ್ಯಾಪಾರಿಗೆ ಕೊಟ್ಟು ಎರಡು ಬೊಗಸೆ ಕಡಲೆ ಪಡೆಯುತ್ತಾನೆ. ಕಡಲೆಯನ್ನು ಹಿಟ್ಟು ಮಾಡಿಕೊಂಡು, ಒಂದು ಕೊಡ ತಣ್ಣೀರು ಹಿಡಿದು, ಊರ ಹೊರಗಿನ ದಾರಿಯ ನೆರಳಲ್ಲಿ ನಿಲ್ಲುತ್ತಾನೆ. ಕಟ್ಟಿಗೆ ಹೊರೆ ಹೊತ್ತು ದಣಿದು ಬರುವವರಿಗೆ ನೀರು, ಕಡಲೆ ಕೊಡುತ್ತಾನೆ. ಅವರು ಒಬ್ಬೊಬ್ಬರೂ ಪ್ರೀತಿಯಿಂದ ಎರಡೆರಡು ಕಟ್ಟಿಗೆ ಕೊಟ್ಟು ಹೋಗುತ್ತಾರೆ. ಅದನ್ನು ಪೇಟೆಯಲ್ಲಿ ಮಾರುತ್ತಾನೆ. ಬಂದ ದುಡ್ಡಿನಲ್ಲಿ ಒಂದು ಪಾಲಿಗೆ ಮತ್ತೆ ಕಡಲೆ ತರುತ್ತಾನೆ. ಹೀಗೆ ಸ್ವಲ್ಪ ದುಡ್ಡು ಕೂಡುತ್ತದೆ. ಆಮೇಲೆ ಮೂರು ದಿನ ಅವರು ತಂದ ಕಟ್ಟಿಗೆಯನ್ನೆಲ್ಲ ತಾನೇ ಕೊಂಡು ಇಟ್ಟುಕೊಳ್ಳುತ್ತಾನೆ. ಅಷ್ಟರಲ್ಲಿ ಜೋರು ಮಳೆ ಹಿಡಿಯುತ್ತದೆ. ಕಟ್ಟಿಗೆಗೆ ಬರ ಬರುತ್ತದೆ. ಇವನ ಕಟ್ಟಿಗೆ ನೂರಾರು ಪಣಕ್ಕೆ (ಆಗಿನ ನಾಣ್ಯ) ಹೋಗುತ್ತದೆ. ಆ ದುಡ್ಡಿನಲ್ಲಿ ಅಂಗಡಿ ಇಡುತ್ತಾನೆ, ಶ್ರೀಮಂತನಾಗುತ್ತಾನೆ. ಕೊನೆಗೆ ಬಂಗಾರದಲ್ಲಿ ಒಂದು ಇಲಿ ಮಾಡಿಸಿ ವಿಶಾಖಿಲನಿಗೆ ಸಾಲ ತೀರಿಸುತ್ತಾನೆ.

ಒಂದೇ ಕಥೆ. ಬಂಡವಾಳ, ಸಾಲದ ಚೀಟಿ, ಗಿರಾಕಿಯನ್ನು ಹುಡುಕುವುದು, ಲಾಭದಲ್ಲಿ ಒಂದು ಪಾಲನ್ನು ಮತ್ತೆ ವ್ಯಾಪಾರಕ್ಕೆ ಹಾಕುವುದು, ಸಾಲ ತೀರಿಸುವುದು ಎಲ್ಲ ಅದರಲ್ಲಿದೆ. ಇವನ್ನು ನಾನು ಬೋರ್ಡ್ ಮೇಲೆ ಬರೆದು ಕಲಿಸಿದ್ದರೆ ಮಕ್ಕಳು ಆಕಳಿಸುತ್ತಿದ್ದರು. ಕಥೆಯಲ್ಲಾದರೆ ಅವರೇ ಲೆಕ್ಕ ಹಾಕುತ್ತಾರೆ. ಹುಡುಗ ಮೊದಲ ದಿನವೇ ಹಸಿವು ಅಂತ ಕಡಲೆಯನ್ನೆಲ್ಲ ತಿಂದಿದ್ದರೆ ಏನಾಗುತ್ತಿತ್ತು ಅಂತ ಕೇಳಿ ನೋಡಿ. ಉಳಿತಾಯ ಯಾಕೆ ಬೇಕು ಅಂತ ಆಮೇಲೆ ನೀವು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಪ್ರಶ್ನೆ ನನಗೆ ತುಂಬ ಮುಖ್ಯ. ಮಳೆಗೆ ಮೊದಲು ಕಟ್ಟಿಗೆಯನ್ನೆಲ್ಲ ಕೊಂಡಿಟ್ಟು, ಬರ ಬಂದಾಗ ಜಾಸ್ತಿ ರೇಟಿಗೆ ಮಾರಿದ್ದು ಸರಿಯಾ? ಇದನ್ನು ಕೇಳಿದಾಗ ಮಕ್ಕಳಲ್ಲಿ ದೊಡ್ಡ ಜಗಳವೇ ಆಗುತ್ತದೆ. ಮಳೆ ಬರುತ್ತದೆ ಅಂತ ಅವನಿಗೇನು ಗೊತ್ತಿತ್ತು ಅಂತ ಒಬ್ಬರು. ಒಲೆ ಉರಿಸೋದಕ್ಕೆ ಇಲ್ಲದವರು ಏನು ಮಾಡಬೇಕು ಅಂತ ಇನ್ನೊಬ್ಬರು. ಮಳೆಗಾಲದಲ್ಲಿ ಗುಡ್ಡ ಕುಸಿದು ದೇವಿಮನೆ ಘಟ್ಟದ ರಸ್ತೆ ಬಂದ್ ಆದರೆ ತರಕಾರಿ, ಮೀನಿನ ರೇಟು ಏನಾಗುತ್ತದೆ ಅಂತ ನಮ್ಮ ಮಕ್ಕಳಿಗೆ ಗೊತ್ತು. ಅವರು ಅದನ್ನೇ ಎತ್ತಿ ಮಾತಾಡುತ್ತಾರೆ. ದುಡ್ಡು ಮಾಡುವುದರಲ್ಲಿ ಸರಿ ತಪ್ಪು ಅಂತ ಇದೆ ಅನ್ನುವುದು ಸಣ್ಣವರಿದ್ದಾಗಲೇ ಮಾತಿಗೆ ಬರಬೇಕು. ನಾನು ತೀರ್ಪು ಕೊಡುವುದಿಲ್ಲ. ಜಗಳ ಮನೆಯವರೆಗೂ ಹೋಗಲಿ ಅಂತ ಬಿಡುತ್ತೇನೆ.

ಕಥೆಯಿಂದಲೇ ಯಾಕೆ ಶುರು ಮಾಡಬೇಕು ಅಂದರೆ ಅದಕ್ಕೆ ಒಂದು ಕಾರಣವಿದೆ. ಶಿಕ್ಷಕರು ಇದನ್ನು ದಯವಿಟ್ಟು ಗಮನಿಸಬೇಕು. ತರಗತಿಯಲ್ಲಿ ಎಲ್ಲ ಥರದ ಮನೆಯ ಮಕ್ಕಳು ಇರುತ್ತಾರೆ. ಹತ್ತು ಎಕರೆ ತೋಟದವರ ಮಗಳ ಪಕ್ಕದಲ್ಲಿ ಅದೇ ತೋಟಕ್ಕೆ ಕೆಲಸಕ್ಕೆ ಬರುವವರ ಮಗಳು ಕೂತಿರುತ್ತಾಳೆ. ‘ನಿಮ್ಮ ಮನೆಗೆ ಎಷ್ಟು ಬರುತ್ತದೆ, ಬರೆದುಕೊಂಡು ಬನ್ನಿ’ ಅಂತ ಯಾವತ್ತೂ ಹೇಳಬೇಡಿ. ಒಬ್ಬಳಿಗೆ ಅದು ಹೆಮ್ಮೆ, ಇನ್ನೊಬ್ಬಳಿಗೆ ಅವಮಾನ. ಇಬ್ಬರಿಗೂ ಒಳ್ಳೆಯದಲ್ಲ. ಕಥೆಯ ಹುಡುಗನ ಬಡತನದ ಬಗ್ಗೆಯಾದರೆ ಯಾರು ಬೇಕಾದರೂ ಮಾತಾಡಬಹುದು. ಮಗು ತನ್ನ ಮನೆಯ ಕಷ್ಟವನ್ನು ಆ ಹುಡುಗನ ಹೆಸರಿನಲ್ಲಿ ಹೇಳಿಕೊಳ್ಳುತ್ತದೆ. ನಾವು ಸುಮ್ನೆ ಕೇಳಿಸಿಕೊಂಡರೆ ಸಾಕು.

ಪಂಚತಂತ್ರವಂತೂ ದುಡ್ಡಿನ ವಿಚಾರದಿಂದಲೇ ಶುರುವಾಗುತ್ತದೆ. ಅದರ ಮೊದಲ ಭಾಗವಾದ ಮಿತ್ರಭೇದದ ಶುರುವಿನಲ್ಲೇ ವರ್ಧಮಾನ ಅನ್ನುವ ವರ್ತಕ ಯೋಚನೆ ಮಾಡುತ್ತಾನೆ: ಇಲ್ಲದ್ದನ್ನು ಗಳಿಸಬೇಕು, ಗಳಿಸಿದ್ದನ್ನು ಕಾಪಾಡಬೇಕು, ಕಾಪಾಡಿದ್ದನ್ನು ಬೆಳೆಸಬೇಕು, ಬೆಳೆದದ್ದನ್ನು ಯೋಗ್ಯರಿಗೆ ಕೊಡಬೇಕು. ಈಗಿನ ಪುಸ್ತಕಗಳು ಗಳಿಸು, ಉಳಿಸು, ಹೂಡು ಅಂತ ಮೂರಕ್ಕೇ ನಿಲ್ಲುವುದು ಜಾಸ್ತಿ. ಕೊಡುವುದನ್ನು ನಮ್ಮ ಹಿರಿಯರು ಲೆಕ್ಕದ ಒಳಗೇ ಇಟ್ಟಿದ್ದರು. ಅದೇ ಪಂಚತಂತ್ರದಲ್ಲಿ ದುರಾಸೆಯ ನರಿಯೂ ಇದೆ. ಬೇಟೆಗಾರ, ಹಂದಿ ಎರಡೂ ಸತ್ತು ಬಿದ್ದಿರುತ್ತವೆ. ಮಾಂಸವನ್ನೆಲ್ಲ ನಾಳೆಗೆ ಉಳಿಸೋಣ ಅಂತ ನರಿ ಬಿಲ್ಲಿನ ಹೆದೆಯನ್ನು ಕಡಿಯಲು ಹೋಗಿ ಸಾಯುತ್ತದೆ. ಉಳಿಸು ಉಳಿಸು ಅಂತ ಹೇಳಿದ ಮೇಲೆ ಇದನ್ನೂ ಓದಿಸಬೇಕು. ಹೊಟ್ಟೆಗೆ ತಿನ್ನದೆ ಉಳಿಸುವುದು ಜಾಣತನ ಅಲ್ಲ.

ಈಗ ಕಾಗದಗಳ ವಿಷಯ.

ಮಗುವಿಗೆ ಅಕ್ಷರ ಬಂದ ಕೂಡಲೇ ಕೈಗೆ ಒಂದು ನೋಟು ಕೊಡಿ, ಓದು ಅನ್ನಿ. ಐವತ್ತರ ಹೊಸ ನೋಟು ಒಳ್ಳೆಯದು, ಹಿಂದೆ ಹಂಪಿಯ ಕಲ್ಲಿನ ರಥ ಇದೆ. ಆ ಬದಿಯಲ್ಲಿ ಹದಿನೈದು ಭಾಷೆಗಳಲ್ಲಿ ಮೊತ್ತ ಬರೆದಿದೆ. ಕನ್ನಡ ನಾಲ್ಕನೆಯದು. ಕೊಂಕಣಿ ಆರನೆಯದು. ಕಾರವಾರದ ಕಡೆಯ ಮಕ್ಕಳು ತಮ್ಮ ಮನೆಮಾತನ್ನು ನೋಟಿನ ಮೇಲೆ ಕಂಡಾಗ ಮುಖ ಅರಳುತ್ತದೆ. ಆಮೇಲೆ ಮುಂದಿನ ಬದಿ. ಇಷ್ಟು ರೂಪಾಯಿ ಕೊಡುತ್ತೇನೆ ಅಂತ ರಿಸರ್ವ್ ಬ್ಯಾಂಕಿನ ಗವರ್ನರ್ ಮಾತು ಕೊಟ್ಟು ಸಹಿ ಮಾಡಿದ್ದಾರೆ. ಕಾಗದದ ಚೂರಿಗೆ ಬೆಲೆ ಬಂದದ್ದು ಆ ಮಾತಿನಿಂದ. ಮಾತು ಉಳಿಸಿಕೊಳ್ಳುವುದು ಅಂದರೆ ಏನು ಅಂತ ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ಮಕ್ಕಳಿಗೆ ಬೇರೆ ಹೇಳಬೇಕಾ? ಸಾಲ, ಬ್ಯಾಂಕು, ಉದ್ರಿ ಎಲ್ಲ ನಿಂತಿರುವುದು ಅದರ ಮೇಲೆಯೇ.

ದೊಡ್ಡ ಮಕ್ಕಳ ಜೊತೆ ಓದಬೇಕಾದ್ದು ವಿಕ್ರಿ ಪಟ್ಟಿ. ಅಡಿಕೆ ಮಾರಿದಾಗ ಕೈಗೆ ಬರುತ್ತದಲ್ಲ, ಅದು. ನಮ್ಮ ಕಡೆ ಅಪ್ಪ ಅದನ್ನು ಜೇಬಿನಿಂದ ತೆಗೆದು, ಒಮ್ಮೆ ನೋಡಿ, ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಆಯಿ (ಅಮ್ಮ) ಕೂಡ ಅದನ್ನು ನೋಡಿರುವುದಿಲ್ಲ. ಇದು ಬದಲಾಗಬೇಕು ಅಂತ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಪಟ್ಟಿಯನ್ನು ಊಟ ಆದ ಮೇಲೆ ಎಲ್ಲರ ಮಧ್ಯ ಇಡಿ. ಎಂಟನೇ ತರಗತಿಯ ಮಗಳಿಗೆ ಗಟ್ಟಿಯಾಗಿ ಓದಲು ಹೇಳಿ. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು? ಯಾವುದಕ್ಕೆ ಎಷ್ಟು ರೇಟು ಬಿತ್ತು? ಕೆಂಪುಗೋಟು ಅನ್ನುವ ಬಗೆ ಯಾಕೆ ಕಡಿಮೆಗೆ ಹೋಯಿತು? ತೂಕಕ್ಕೆ, ಹಮಾಲಿಗೆ ಎಷ್ಟು ಹೋಯಿತು?

ಲೆಕ್ಕ ಸುಲಭ ಆಗಲಿ ಅಂತ ಒಂದು ಉದಾಹರಣೆ ಹೇಳುತ್ತೇನೆ. ಐದು ಕ್ವಿಂಟಾಲ್ ಅಡಿಕೆ, ಕ್ವಿಂಟಾಲಿಗೆ 40,000 ರೂಪಾಯಿ ಅಂತ ಇಟ್ಟುಕೊಳ್ಳಿ. ಎರಡು ಲಕ್ಷ. ಮಕ್ಕಳ ಕಣ್ಣು ದೊಡ್ಡದಾಗುತ್ತದೆ. ಅಪ್ಪನ ಹತ್ತಿರ ಎರಡು ಲಕ್ಷ ಇದೆ, ಹಾಗಾದರೆ ಸೈಕಲ್ ಯಾಕೆ ಕೊಡಿಸುವುದಿಲ್ಲ? ಈಗ ಕಳೆಯುತ್ತಾ ಹೋಗಿ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಕೂಲಿ, ಸುಲಿದವರ ಕೂಲಿ, ಗೊಬ್ಬರ, ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸಿದ್ದು ಎಲ್ಲ ಸೇರಿ 70,000. ಸೊಸೈಟಿಯ ಸಾಲಕ್ಕೆ ತುಂಬಿದ್ದು 40,000. ಉಳಿದದ್ದು 90,000. ಅದನ್ನು ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ 7,500. ಅದರಲ್ಲೇ ಅಕ್ಕಿ, ಕರೆಂಟ್ ಬಿಲ್, ಶಾಲೆಯ ಫೀ, ಮದುವೆ ಮುಂಜಿಯ ಉಡುಗೊರೆ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ. ಭಾಗಾಕಾರ ಮುಗಿಸಿದ ಮಗು ಸೈಕಲ್ ಕೇಳುವುದನ್ನು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಯಾವಾಗ ಕೊಡಿಸಬಹುದು ಅಂತ ನಿಮ್ಮ ಜೊತೆ ಕೂತು ಲೆಕ್ಕ ಹಾಕುತ್ತದೆ.

ಇನ್ನೊಂದು ಓದಬೇಕಾದ್ದು ಸಾಲದ ಪುಸ್ತಕದಲ್ಲಿ ಇರುವ ವಾಯಿದೆ ತಾರೀಕು, ಅಂದರೆ ಸಾಲ ಕಟ್ಟಬೇಕಾದ ಕೊನೆಯ ದಿನ. ಸಹಕಾರ ಸಂಘಗಳ ಮೂಲಕ ಸಿಗುವ ಅಲ್ಪಾವಧಿ ಬೆಳೆ ಸಾಲಕ್ಕೆ ನಮ್ಮ ರಾಜ್ಯದಲ್ಲಿ ಬಡ್ಡಿ ಇಲ್ಲ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಆದರೆ ಬಡ್ಡಿ ಇಲ್ಲ ಅನ್ನುವುದು ವಾಯಿದೆಯ ಒಳಗೆ ಕಟ್ಟಿದವರಿಗೆ ಮಾತ್ರ. ತಾರೀಕು ದಾಟಿದರೆ ಬಡ್ಡಿ ಬೀಳುತ್ತದೆ. ಆ ತಾರೀಕನ್ನು ಹುಡುಕಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಮಗುವಿಗೇ ಕೊಡಿ. ನಾವು ಮರೆತರೂ ಮಕ್ಕಳು ಮರೆಯುವುದಿಲ್ಲ.

ಕೈಸಾಲದ ಬಡ್ಡಿಯನ್ನೂ ಓದಲು ಕಲಿಸಿ. ‘ನೂರಕ್ಕೆ ಮೂರು’ ಅಂತ ಹೇಳಿದಾಗ ಅದು ಕಡಿಮೆ ಅನ್ನಿಸುತ್ತದೆ. ಅದು ತಿಂಗಳಿಗೆ. ವರ್ಷಕ್ಕೆ ಮೂವತ್ತಾರು. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ದುಡ್ಡು ಎಷ್ಟು ಸಮಯದಲ್ಲಿ ದುಪ್ಪಟ್ಟು ಆಗುತ್ತದೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಮೂರರಿಂದ ಭಾಗಿಸಿ, ಇಪ್ಪತ್ತನಾಲ್ಕು ತಿಂಗಳು. ಬಡ್ಡಿಗೆ ಬಡ್ಡಿ ಸೇರುತ್ತಾ ಹೋದರೆ ಎರಡೇ ವರ್ಷಕ್ಕೆ ಸಾಲ ಎರಡರಷ್ಟು. ಅದೇ ವರ್ಷಕ್ಕೆ ಆರರ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟ ದುಡ್ಡು ಎರಡರಷ್ಟಾಗಲು ಹನ್ನೆರಡು ವರ್ಷ ಬೇಕು. ಈ ಎರಡನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆಯಿಸಿ. ಸಾಲ ತೆಗೆದುಕೊಳ್ಳುವಾಗ ಸುಖ, ಸಾಲಿಗ ಬಂದು ಎಳೆವಾಗ ಕಷ್ಟ ಅನ್ನುವ ಸರ್ವಜ್ಞನ ತ್ರಿಪದಿ ಆಗ ಬಾಯಿಪಾಠ ಆಗಿ ಉಳಿಯುವುದಿಲ್ಲ, ಅರ್ಥ ಆಗುತ್ತದೆ.

ಕರಾವಳಿಯವರ ಕಡೆ ಬರುತ್ತೇನೆ. ಮಳೆಗಾಲ ಬರುವ ಮೊದಲು ನಮ್ಮ ಮನೆಗಳಲ್ಲಿ ಏನೇನು ನಡೆಯುತ್ತದೆ ಅಂತ ಮಕ್ಕಳು ಕಣ್ಣಾರೆ ನೋಡಿರುತ್ತಾರೆ. ಘಟ್ಟದ ಕೆಳಗೆ ಒಣಮೀನು ಮಾಡಿಡುತ್ತಾರೆ. ಘಟ್ಟದ ಮೇಲೆ ಹಪ್ಪಳ, ಸಂಡಿಗೆ. ಎಲ್ಲ ಕಡೆಯೂ ಕಟ್ಟಿಗೆ ಒಟ್ಟುತ್ತಾರೆ. ದುಡ್ಡು ಉಳಿಸುವುದೂ ಇದೇ ಥರದ ಕೆಲಸ ಅಂತ ಹೇಳಿದರೆ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ. ಮೀನುಗಾರರಿಗೆ ಸರ್ಕಾರದ ಒಂದು ಉಳಿತಾಯ ಪರಿಹಾರ ಯೋಜನೆಯಿದೆ. ಮೀನುಗಾರ ತನ್ನ ಪಾಲಿನ 1,500 ರೂಪಾಯಿ ತುಂಬಿದರೆ ಕೇಂದ್ರ ಮತ್ತು ರಾಜ್ಯ ಸರ್ಕಾರ ಸೇರಿ 3,000 ಹಾಕುತ್ತವೆ. ಒಟ್ಟು 4,500 ರೂಪಾಯಿ ಮೀನು ಇಲ್ಲದ ತಿಂಗಳುಗಳಲ್ಲಿ ವಾಪಸ್ಸು ಬರುತ್ತದೆ. ದೊಡ್ಡ ಮೊತ್ತ ಅಲ್ಲ. ಆದರೆ ದುಡಿಯುವ ತಿಂಗಳಿನ ದುಡ್ಡನ್ನು ಖಾಲಿ ತಿಂಗಳಿಗೆ ದಾಟಿಸುವುದು ಹೇಗೆ ಅಂತ ಅದರಲ್ಲಿ ಇದೆ. ಅದರ ಅರ್ಜಿಯನ್ನು ಹೈಸ್ಕೂಲ್ ಮಕ್ಕಳು ಓದಿ ತುಂಬಲಿ. ಅದಕ್ಕಿಂತ ಒಳ್ಳೆಯ ಕನ್ನಡ ಪಾಠ ನನಗೆ ಕಾಣುವುದಿಲ್ಲ.

ದಿನಾ ಚಿಲ್ಲರೆ ಬರುವ ಮನೆಗೆ ಪಿಗ್ಮಿ ಇದೆ, ಅಂದರೆ ದಿನಾ ಸ್ವಲ್ಪ ಸ್ವಲ್ಪ ದುಡ್ಡು ಕಟ್ಟುವ ಉಳಿತಾಯ. ಪಿಗ್ಮಿ ಹುಟ್ಟಿದ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ಉಡುಪಿಯಲ್ಲಿ ಶುರುವಾಗಿ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು 1928ರಲ್ಲಿ ಇದನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಆಗುತ್ತಿತ್ತು. ಬ್ಯಾಂಕಿಗೆ ಹೋಗಲು ಸಮಯವೂ ಧೈರ್ಯವೂ ಇಲ್ಲದವರ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬ್ಯಾಂಕಿನವರೇ ಬಂದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಮಾತ್ರ ನಮ್ಮ ಊರುಗಳ ಸೊಸೈಟಿಗಳಲ್ಲಿ ಇನ್ನೂ ನಡೆಯುತ್ತಿದೆ. ದಿನಕ್ಕೆ ಇಪ್ಪತ್ತು ರೂಪಾಯಿ ಹಾಕಿದರೆ ವರ್ಷಕ್ಕೆ 7,300. ಪಿಗ್ಮಿ ಕಲೆಕ್ಟರ್ ಬಂದಾಗ ಪುಸ್ತಕವನ್ನು ಮಗು ತಂದುಕೊಡಲಿ. ಚೀಟಿಯಲ್ಲಿ ಇವತ್ತಿನ ಮೊತ್ತ, ಹಿಂದಿನ ಬಾಕಿ ಎರಡೂ ಸರಿ ಇದೆಯಾ ಅಂತ ಅದೇ ಓದಲಿ.

ಠೇವಣಿ ರಶೀದಿಯ ಬಗ್ಗೆ ಒಂದು ಮಾತು. ಇದು ಮಕ್ಕಳಿಗಿಂತ ಜಾಸ್ತಿ ನಿಮಗೆ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲೂ, ಇಟ್ಟ ಠೇವಣಿಗೆ ಒಬ್ಬರಿಗೆ ಐದು ಲಕ್ಷದವರೆಗೆ ವಿಮೆ ಇರುತ್ತದೆ. 2020ರ ಫೆಬ್ರುವರಿಯಿಂದ ಈ ಮಿತಿ ಬಂದಿದೆ. ಆದರೆ ಬ್ಯಾಂಕ್ ಅಲ್ಲದ ಸಹಕಾರ ಸಂಘದಲ್ಲಿ ಇಟ್ಟ ಠೇವಣಿಗೆ ಈ ವಿಮೆ ಇಲ್ಲ. ಉತ್ತರ ಕನ್ನಡದಲ್ಲಿ ಎರಡೂ ಥರದವು ಬೇಕಾದಷ್ಟಿವೆ. ಸಂಘ ಅಂದರೆ ಕೆಟ್ಟದ್ದು ಅಂತ ಅರ್ಥ ಅಲ್ಲ. ನಮ್ಮ ಜಿಲ್ಲೆ ಎದ್ದು ನಿಂತದ್ದೇ ಸಹಕಾರದಿಂದ. ಆದರೆ ರಶೀದಿಯ ಮೇಲಿನ ಹೆಸರನ್ನು ಪೂರ್ತಿ ಓದಿ. ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಅಂತ ಅಜ್ಜನ ದುಡ್ಡನ್ನೆಲ್ಲ ಒಂದೇ ಕಡೆ ಇಡುವ ಮೊದಲು ಮೊಮ್ಮಗ ‘ಇದಕ್ಕೆ ವಿಮೆ ಇದೆಯಾ ಅಜ್ಜ?’ ಅಂತ ಕೇಳುವಂತಾಗಬೇಕು.

ಸಹಕಾರದ ಕಥೆಯೂ ಮಕ್ಕಳು ಓದಬೇಕಾದ್ದೇ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಗ್ರಾಮೀಣ ಸಹಕಾರಕ್ಕೆ ಅದೇ ಮೊದಲು. ಇಲ್ಲಿ ಶಿರಸಿಯಲ್ಲಿ 1923ರಲ್ಲಿ ತೋಟಿಗರು ಸೇರಿ ತೋಟಗಾರ್ಸ್ ಸೇಲ್ ಸೊಸೈಟಿ ಮಾಡಿಕೊಂಡರು. ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗುವ ಮಕ್ಕಳಿಗೆ ಅದು ಒಂದು ದೊಡ್ಡ ಅಂಗಡಿ, ಅಷ್ಟೇ. ಅದು ರೈತರು ಸೇರಿ ಕಟ್ಟಿದ್ದು, ಯಾಕೆ ಕಟ್ಟಿದರು ಅಂತ ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಅಂತ ಹೇಳಿ ನೋಡಿ.

ದುಡಿಮೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿದೆ. ಪಾತ್ರೆ ತೊಳೆದದ್ದಕ್ಕೆ, ಅಂಗಳ ಗುಡಿಸಿದ್ದಕ್ಕೆ ಮಕ್ಕಳಿಗೆ ದುಡ್ಡು ಕೊಡಬೇಡಿ. ಅದು ಎಲ್ಲರ ಮನೆ, ಎಲ್ಲರ ಕೆಲಸ. ಓದು ಬಿಡಿಸಿ ಕೂಲಿಗೆ ಕಳಿಸುವುದಂತೂ ದೊಡ್ಡ ತಪ್ಪು. ಆದರೆ ಬೇಸಿಗೆ ರಜೆಯಲ್ಲಿ ನಮ್ಮ ಬೆಟ್ಟ, ಬೇಣಗಳಲ್ಲಿ (ಹುಲ್ಲುಗಾವಲುಗಳಲ್ಲಿ) ಮಕ್ಕಳು ಸಂತೋಷದಿಂದ ಮಾಡುವ ಕೆಲಸ ಬೇಕಾದಷ್ಟಿದೆ. ಬಿದ್ದ ಗೇರುಬೀಜ ಹೆಕ್ಕುವುದು, ಮುರುಗಲು (ಕೋಕಂ) ಸಿಪ್ಪೆ ಒಣಗಿಸುವುದು. ಅದನ್ನು ಮಾರಿ ಬಂದ ದುಡ್ಡು ಮಗುವಿನದ್ದೇ ಆಗಲಿ. ಒಂದೇ ಷರತ್ತು, ಬರೆದಿಡಬೇಕು. ಎಷ್ಟು ದಿನ ಒಣಗಿಸಿದೆ, ಮಳೆ ಬಂದು ಎಷ್ಟು ಹಾಳಾಯಿತು, ಯಾವ ಅಂಗಡಿಯವರು ಎಷ್ಟಕ್ಕೆ ಕೇಳಿದರು. ಮುಂದಿನ ಬೇಸಿಗೆಗೆ ಮಗು ತನ್ನದೇ ಬರಹವನ್ನು ತೆಗೆದು ಓದುತ್ತದೆ. ಹೋದ ವರ್ಷ ಮೊದಲು ಸಿಕ್ಕಿದ ಅಂಗಡಿಯಲ್ಲೇ ಕೊಟ್ಟೆ, ಈ ಸಲ ಎರಡು ಕಡೆ ಕೇಳುತ್ತೇನೆ ಅಂತ ತಾನೇ ಹೇಳುತ್ತದೆ.

ಹತ್ತು ವರ್ಷ ತುಂಬಿದ ಮಗು ಬ್ಯಾಂಕಿನಲ್ಲಿ ತನ್ನದೇ ಉಳಿತಾಯ ಖಾತೆ ತೆರೆದು ತಾನೇ ನಡೆಸಬಹುದು. ರಿಸರ್ವ್ ಬ್ಯಾಂಕಿನ ಹೊಸ ಸೂಚನೆ 2025ರ ಜುಲೈ 1ರೊಳಗೆ ಜಾರಿಗೆ ಬರಬೇಕಿತ್ತು. ಎಷ್ಟು ಮೊತ್ತದವರೆಗೆ ಅಂತ ಆಯಾ ಬ್ಯಾಂಕ್ ನಿರ್ಧರಿಸುತ್ತದೆ. ಗೇರುಬೀಜದ ದುಡ್ಡು ಅಲ್ಲಿಗೆ ಹೋಗಲಿ. ಚಲನ್ ಮಗುವೇ ತುಂಬಲಿ. ಬ್ಯಾಂಕಿನಲ್ಲಿ ಜನ ಕ್ಯೂ ನಿಂತಿದ್ದರೂ ಅವಸರ ಮಾಡಬೇಡಿ. ತಪ್ಪಾದರೆ ಇನ್ನೊಂದು ಚಲನ್ ಇರುತ್ತದೆ.

ಮೊಬೈಲಿನ ದುಡ್ಡು ಬೇರೆ ತೊಂದರೆ ತಂದಿದೆ. ಕೈಯಲ್ಲಿ ನೋಟು ಇದ್ದಾಗ ಖರ್ಚಾದದ್ದು ಕಾಣುತ್ತಿತ್ತು. ಈಗ ಸ್ಕ್ಯಾನ್ ಮಾಡಿದರೆ ಮುಗಿಯಿತು. ಅದಕ್ಕೇ ನಾನು ಹೇಳುವುದು, ಭಾನುವಾರ ಸಂಜೆ ಮೊಬೈಲಿನಲ್ಲಿ ಆ ವಾರದ ಪಾವತಿಗಳನ್ನು ತೆರೆದು ಮಕ್ಕಳಿಗೆ ಓದಲು ಕೊಡಿ. ಅಪ್ಪನದ್ದೂ, ಆಯಿಯದ್ದೂ. ಓಟಿಪಿ ಮೆಸೇಜ್ ಬಂದರೆ ಅದನ್ನು ಕೊನೆಯ ಸಾಲಿನವರೆಗೆ ಓದಲು ಕಲಿಸಿ. ಯಾರಿಗೂ ಹೇಳಬೇಡಿ ಅಂತ ಅದರಲ್ಲೇ ಬರೆದಿರುತ್ತದೆ. ಪೂರ್ತಿ ಓದದೇ ಇರುವುದರಿಂದ ಹೋಗುವ ದುಡ್ಡು ಸಣ್ಣದಲ್ಲ.

ಪುಸ್ತಕ ಎಲ್ಲಿಂದ ತರುವುದು ಅಂತ ಯಾರೂ ಚಿಂತೆ ಮಾಡಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ, ಮಕ್ಕಳಿಗೆ ಸದಸ್ಯತ್ವ ಮಾಡಿಸಿ. ನಾವು ಕಟ್ಟುವ ಮನೆ ತೆರಿಗೆಯಲ್ಲಿ ಗ್ರಂಥಾಲಯದ ಕರವೂ ಸೇರಿದೆ. 1965ರ ಕಾಯ್ದೆಯಿಂದ ಬಂದದ್ದು ಅದು. ತೆರಿಗೆ ರಶೀದಿಯಲ್ಲಿ ಆ ಸಾಲನ್ನು ಹುಡುಕಿ ಓದಲು ಮಕ್ಕಳಿಗೆ ಹೇಳಿ. ಅಪ್ಪ ಕೊಟ್ಟ ದುಡ್ಡಿನಲ್ಲಿ ಈ ಪುಸ್ತಕವೂ ಇದೆ ಅಂತ ಗೊತ್ತಾದರೆ ಹಾಳೆ ಹರಿಯುವುದಿಲ್ಲ.

ಮಾತು ಮುಗಿದ ಮೇಲೆ ಕುಮಟಾ ಕಡೆಯಿಂದ ಬಂದಿದ್ದ ಒಬ್ಬ ತಾಯಿ ಎದ್ದು ಕೇಳಿದರು: ‘ಅಕ್ಕೋರೇ, ನನಗೇ ಓದು ಅಷ್ಟು ಬರೋದಿಲ್ಲ. ನಾನು ಮೀನು ಮಾರೋಳು. ಮಗ ಮೂರನೇ ಕ್ಲಾಸು. ನಾನು ಎಲ್ಲಿಂದ ಶುರು ಮಾಡ್ಲಿ?’

ನಾನು ಹೇಳಿದ್ದು ಇದು. ನಿಮಗೆ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ. ಬೆಳಿಗ್ಗೆ ಬಂದರಿನಲ್ಲಿ ಎಷ್ಟಕ್ಕೆ ಹರಾಜು ಕೂಗಿದರು, ರಿಕ್ಷಾಕ್ಕೆ ಎಷ್ಟು, ಐಸಿಗೆ ಎಷ್ಟು, ಸಂಜೆ ಕೈಯಲ್ಲಿ ಎಷ್ಟು ಉಳಿಯಿತು ಎಲ್ಲ ನಿಮ್ಮ ತಲೆಯಲ್ಲಿ ಇದೆ. ಒಂದು ನೂರು ಪುಟದ ಪಟ್ಟಿ ಪುಸ್ತಕ ತನ್ನಿ. ರಾತ್ರಿ ನೀವು ಹೇಳಿ, ಮಗ ಬರೆಯಲಿ. ಬರೆದದ್ದನ್ನು ನಿಮಗೆ ಓದಿ ಹೇಳಲಿ. ಮಧ್ಯೆ ಒಂದು ಸಾಲು ಬಿಟ್ಟಿದ್ದರೆ ನಿಮಗೆ ಗೊತ್ತಾಗುತ್ತದೆ, ತಿದ್ದಿ. ಜೂನ್ ಬರುವಾಗ ಇಬ್ಬರೂ ಕೂತು ಹಿಂದಿನ ಪುಟಗಳನ್ನು ಓದಿ, ಎರಡು ತಿಂಗಳಿಗೆ ಎಷ್ಟು ತೆಗೆದಿಡಬೇಕಾಗುತ್ತಿತ್ತು ಅಂತ ನೋಡಿ.

‘ಅವನ ಅಕ್ಷರ ಚೆಂದ ಇಲ್ಲ’ ಅಂದರು. ಬರೆಯುತ್ತಾ ಹೋದರೆ ಆಗುತ್ತದೆ ಅಂದೆ. ಇವತ್ತೇ ಪಟ್ಟಿ ತಗೊಂಡು ಹೋಗುತ್ತೇನೆ ಅಂತ ಕೂತರು.